ಹದ ನೋಡುವವರು

ಶಿವಮೊಗ್ಗದ ನಮ್ಮ ಕ್ಯಾನ್ಸರ್ ಕೇಂದ್ರದಲ್ಲಿ ಪ್ರತಿ ತಿಂಗಳು 'ಸಂಶೋಧನಾ ಸುದ್ದಿ' ಎಂಬ ಒಂದು ಹಾಳೆ ಬರುತ್ತದೆ. ಯಾವ ಅಧ್ಯಯನ ಶುರುವಾಗಿದೆ, ಯಾರು ಸೇರಬಹುದು, ಇನ್ನೆಷ್ಟು ಜಾಗ ಉಳಿದಿದೆ, ಎಲ್ಲ ಅದರಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಡಾಕ್ಟರುಗಳು. ಕನ್ನಡಕ್ಕೆ ತರುವವಳು ನಾನು, ಸಂಶೋಧನಾ ವಿಭಾಗದ ನರ್ಸ್ ಯಶೋಧರಾ. ಇಡೀ ಕಟ್ಟಡದಲ್ಲಿ ಬೇರೆ ಯಾರಿಗೂ ಪುರಸೊತ್ತಿಲ್ಲವಂತೆ, ನನಗೊಬ್ಬಳಿಗೆ ಇದೆಯಂತೆ. ಇರಲಿ. ಕಳೆದ ಆಷಾಢದಲ್ಲಿ ನಾನು ಬರೆದದ್ದು ಇಷ್ಟು: ಅಡಿಕೆ ತಿಂದು ತಿಂದು ಬಾಯಿ ಪೂರ್ತಿ ತೆರೆಯಲಾಗದವರಿಗೆ ಒಂದು ಅವಕಾಶ, ಒಂಬತ್ತು ತಿಂಗಳ ಚಿಕಿತ್ಸೆ ಉಚಿತ, ಷರತ್ತು ಒಂದೇ, ಅಡಿಕೆ ಬಿಡಬೇಕು.

ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಭದ್ರಾವತಿಯಿಂದ ಬಂದವರು ವಿಶಾಲಮ್ಮ. ವಯಸ್ಸು ಐವತ್ತಾರು. ಗಂಡ ಇಲ್ಲ, ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇವರು ಮತ್ತು ಸೊಸೆ. ಬಾಯಿಯೊಳಗೆ ಎರಡು ಬೆರಳೂ ಹೋಗುತ್ತಿರಲಿಲ್ಲ.

"ಮುದ್ದೆ ನುಂಗಕ್ಕಾಗಲ್ಲ ಸಿಸ್ಟರ್," ಎಂದರು. "ನೀರು ಮಾಡ್ಕೊಂಡು ಕುಡೀತೀನಿ. ಖಾರ ತಗುಲಿದ್ರೆ ಪ್ರಾಣ ಹೋಗುತ್ತೆ."

ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಸಂಘಮಿತ್ರಾ ಟಾರ್ಚ್ ಬಿಟ್ಟು ನೋಡಿದರು. ಕೆನ್ನೆಯ ಒಳಗೋಡೆ ಬಿಳಿಚಿಕೊಂಡು ಬಿಗಿದುಹೋಗಿತ್ತು. ಈಗ ಇದು ಕ್ಯಾನ್ಸರ್ ಅಲ್ಲ, ಹೀಗೇ ಬಿಟ್ಟರೆ ಕೆಲವರಿಗೆ ಆಗುತ್ತದೆ, ನಿಮಗೆ ಆಗದಂತೆ ನೋಡಿಕೊಳ್ಳೋಣ ಎಂದು ಅವರು ನಿಧಾನವಾಗಿ ಹೇಳಿದರು. ವಿಶಾಲಮ್ಮ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು ನನ್ನ ಮೇಜಿನ ಮೇಲಿಟ್ಟು, "ಇವತ್ತಿಗೆ ಮುಗೀತು" ಎಂದರು. ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಹೊಸ ಚೀಲ ಕೊಂಡಿರುತ್ತಾರೆ. ಈಕೆ ಮಾತ್ರ ಕೊಳ್ಳಲಿಲ್ಲ.

ನಮ್ಮಲ್ಲಿ ಮಾತಿನ ಮೇಲೆ ನಂಬಿಕೆಯಿಲ್ಲ, ಎಂಜಲಿನ ಮೇಲೆ ಇದೆ. ಬಂದಾಗಲೆಲ್ಲ ಎಂಜಲು ಪರೀಕ್ಷೆ ಮಾಡುತ್ತೇವೆ. ಅಡಿಕೆಯ ಅಂಶ ಎರಡು ಸಲ ಸಿಕ್ಕಿತೆಂದರೆ ಹೆಸರು ತೆಗೆದುಹಾಕುತ್ತೇವೆ, ಕೆನ್ನೆಗೆ ಕೊಡುವ ಇಂಜೆಕ್ಷನ್ ನಿಲ್ಲುತ್ತದೆ. ವಿಶಾಲಮ್ಮನದು ಮೊದಲ ಎರಡು ತಿಂಗಳು ಶುದ್ಧವಾಗಿತ್ತು. ಮನೆಯಲ್ಲಿ ಮಾಡಲು ಒಂದು ವ್ಯಾಯಾಮವನ್ನೂ ಕೊಟ್ಟಿದ್ದೆವು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ವಾರಕ್ಕೊಂದು ಕಡ್ಡಿ ಹೆಚ್ಚಿಸಬೇಕು. ಹನ್ನೆರಡರಲ್ಲಿ ಶುರುಮಾಡಿದವರು ಹತ್ತೊಂಬತ್ತಕ್ಕೆ ಬಂದಿದ್ದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೇ ತಿಂಗಳು ಪರೀಕ್ಷೆಯಲ್ಲಿ ಅಡಿಕೆ ಸಿಕ್ಕಿತು. ಅದೂ ಅಲ್ಪಸ್ವಲ್ಪ ಅಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಕೂಡಲೇ ಫೋನ್ ಮಾಡಿದೆ.

"ವಿಶಾಲಮ್ಮ, ಅಡಿಕೆ ತಿಂದ್ರಾ?"

"ಇಲ್ಲ ಸಿಸ್ಟರ್. ಒಂದು ಚೂರೂ ತಿಂದಿಲ್ಲ."

"ಮಿಷನ್ನು ಸುಳ್ಳು ಹೇಳುತ್ತಾ ಹಾಗಾದ್ರೆ?"

"ಮಿಷನ್ನಿನ ವಿಷಯ ನಂಗೊತ್ತಿಲ್ಲ. ನಾನಂತೂ ತಿಂದಿಲ್ಲ."

ಫೋನ್ ಇಟ್ಟು ಅವರ ಫೈಲಿನಲ್ಲಿ 'ಸುಳ್ಳು ಹೇಳುತ್ತಿದ್ದಾರೆ' ಎಂದು ಬರೆದೆ. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಮುಂದಿನ ಪರೀಕ್ಷೆ ಹದಿನೈದು ದಿನಕ್ಕಿತ್ತು. ಆಗಲೂ ಸಿಕ್ಕರೆ ಆಕೆ ಹೊರಗೆ. ಡಾಕ್ಟರ್ ಸಂಘಮಿತ್ರಾ ನಾನು ಬರೆದದ್ದನ್ನು ಓದಿ ಫೈಲು ಮುಚ್ಚಿದರು. "ಯಶೋಧರಾ, ಒಂದ್ಸಲ ಮನೆಗೆ ಹೋಗಿ ನೋಡ್ಕೊಂಡು ಬನ್ನಿ," ಎಂದರು. ಹೇಳದೆ ಕೇಳದೆ ಹೋಗಿ ಕೈಯಾರೆ ಹಿಡಿದುಹಾಕೋಣ ಎಂದು ನಾನು ಮರುದಿನವೇ ಆಲ್ಕೊಳ ಬಡಾವಣೆಯ ನನ್ನ ಮನೆಯಿಂದ ಸೀದಾ ಭದ್ರಾವತಿ ಬಸ್ ಹತ್ತಿದೆ.

ಮನೆಗೆ ಬೀಗ ಹಾಕಿತ್ತು. ಅತ್ತೆ ಸೊಸೆ ಇಬ್ಬರೂ ಚೇಣಿ ಮನೆಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯಾಕೆ ತಮಿಳು ಬೆರೆಸಿ ಹೇಳಿದಳು. ಚೇಣಿ ಎಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವುದು. ಹಾಗೆ ಹಿಡಿದವರು ಅಡಿಕೆ ಸುಲಿಸಿ ಬೇಯಿಸಿ ಒಣಗಿಸುವ ಜಾಗವೇ ಚೇಣಿ ಮನೆ. ಊರಾಚೆ ತಗಡಿನ ಶೆಡ್ಡು, ಮುಂದೆ ದೊಡ್ಡ ಕಣ. ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದರು. ಒಂದು ಮೂಲೆಯಲ್ಲಿ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ಅದರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ವಿಶಾಲಮ್ಮ.

ನಾನು ಗೇಟಿನ ಹತ್ತಿರವೇ ನಿಂತೆ. ಚೇಣಿ ಹಿಡಿದ ಹಾಲೇಶ್ ಎಂಬಾತ ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, "ನೋಡಕ್ಕ" ಎಂದು ಮುಂದೆ ಹಿಡಿದ. ವಿಶಾಲಮ್ಮ ಒಂದನ್ನು ತೆಗೆದುಕೊಂಡು ಊದಿ, ಕಷ್ಟಪಟ್ಟು ಬಾಯಿ ತೆರೆದು ಒಂದು ಮೂಲೆ ಕಚ್ಚಿದರು. ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಆಡಿಸಿ ಪಕ್ಕಕ್ಕೆ ಉಗುಳಿದರು. ಒಲೆಗೆ ಕಟ್ಟಿಗೆ ಹಾಕುತ್ತಿದ್ದವನು, ಬುಟ್ಟಿ ಹಿಡಿದು ನಿಂತಿದ್ದ ಇಬ್ಬರು, ಹಾಲೇಶ್, ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಚೊಗರು ಇನ್ನೂ ಹಿಡಿದಿಲ್ಲ. ಹತ್ತು ನಿಮಿಷ ಬಿಡು," ಎಂದರು. ಚೊಗರು ಎಂದರೆ ಅಡಿಕೆಗೆ ಬಣ್ಣ ಹಿಡಿಸುವ, ಹಂಡೆಯಲ್ಲಿ ಕುದಿಯುವ ಆ ಕಂದು ರಸ. ಹಾಲೇಶ್ ಮರುಮಾತಿಲ್ಲದೆ ಸೌಟು ಕೆಳಗಿಟ್ಟ.

ನಾನು ಸೀದಾ ಹೋಗಿ ಎದುರಿಗೆ ನಿಂತೆ. ಅವರಿಗೆ ಗಾಬರಿಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. "ಬಂದ್ರಾ ಸಿಸ್ಟರ್, ಕೂತ್ಕೊಳಿ" ಎಂದು ತಾವು ಕೂತಿದ್ದ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಇದೇನ್ ಮಾಡ್ತಿದೀರಾ ವಿಶಾಲಮ್ಮ?"

"ಹದ ನೋಡ್ತಿದೀನಿ."

"ಬಾಯಿಗೆ ಹಾಕಿದ್ದು ಅಡಿಕೆ ತಾನೆ?"

"ಅಯ್ಯೋ ಮಾರಾಯ್ತಿ, ಇದು ತಿನ್ನೋದಾ? ಇದು ಕೆಲ್ಸ. ಉಗುಳ್ತೀನಲ್ಲ."

ದಿನಕ್ಕೆ ಎಷ್ಟು ಹಂಡೆ ಎಂದು ಕೇಳಿದೆ. ಏಳೋ ಎಂಟೋ, ಹಂಡೆಗೆ ನಾಲ್ಕೈದು ಸಲ ನೋಡಬೇಕು ಎಂದರು. ಸುಗ್ಗಿ ಶುರುವಾಗಿ ಮೂರು ವಾರ ಆಗಿತ್ತು. ಹೀಗೆ ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾರೆ. ನಾನು ಆ ಕುರ್ಚಿಯಲ್ಲಿ ಕೂತುಬಿಟ್ಟೆ. ನಮ್ಮ ನಮೂನೆಯಲ್ಲಿ ಇಪ್ಪತ್ತೊಂದು ಪ್ರಶ್ನೆಗಳಿವೆ. ಎಲೆಅಡಿಕೆ, ಗುಟ್ಕಾ, ಪಾನ್ ಮಸಾಲ, ಹೊಗೆಸೊಪ್ಪು, ಊಟಕ್ಕೆ ಮುಂಚೆಯೋ ಆಮೇಲೋ, ಎಡಗೆನ್ನೆಯೋ ಬಲಗೆನ್ನೆಯೋ, ಎಲ್ಲ ಕೇಳಿದ್ದೇವೆ. ಕೆಲಸಕ್ಕಾಗಿ ಬಾಯಿಗೆ ಹಾಕುತ್ತೀರಾ ಎಂದು ಯಾರೂ ಕೇಳಿಲ್ಲ. ಆಕೆ ನನಗೆ ಹೇಳಿದ್ದೆಲ್ಲ ನಿಜ. ಫೈಲಿನಲ್ಲಿ ನಾನು ಬರೆದದ್ದು ನೆನಪಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಉಗುಳಿದ್ರೂ ರಸ ಬಾಯಲ್ಲೇ ಉಳಿಯುತ್ತೆ," ಎಂದೆ. "ಇನ್ನೊಂದ್ಸಲ ಪರೀಕ್ಷೇಲಿ ಸಿಕ್ಕಿದ್ರೆ ನಿಮ್ಮ ಹೆಸರು ಹೊಡೀತಾರೆ. ಇಂಜೆಕ್ಷನ್ ಇರಲ್ಲ. ಬಾಯಿ ಮತ್ತೆ ಕಟ್ಕೊಳ್ಳುತ್ತೆ, ಮುಂದೆ ಏನಾಗುತ್ತೋ ಡಾಕ್ಟ್ರು ಹೇಳಿದಾರೆ. ಬಿಟ್ಬಿಡಿ ಇದನ್ನ. ಬೇರೆ ಯಾರಾದ್ರೂ ನೋಡ್ಲಿ."

ಅವರು ಸೌಟು ತೆಗೆದುಕೊಂಡು ಹಂಡೆಯನ್ನು ಒಂದು ಸುತ್ತು ಕೆದಕಿದರು. "ಮನೇಲಿ ಸಾರಿಗೆ ಉಪ್ಪು ಸಾಕಾ ಅಂತನೂ ನನ್ನ ಯಾರೂ ಕೇಳಲ್ಲ ಸಿಸ್ಟರ್," ಎಂದರು. "ಇಲ್ಲಿ ನಾನು ಇಳಿಸಿ ಅಂದ್ರೆ ಇಳಿಸ್ತಾರೆ, ಬೇಡ ಅಂದ್ರೆ ನಿಲ್ತಾರೆ."

ಆದರೂ ನಾನು ಬಿಡಲಿಲ್ಲ. "ಇಳಿಸಿ ಅನ್ನಕ್ಕೂ ಬಾಯಿ ಬೇಕಲ್ಲ," ಎಂದೆ. ಅದಕ್ಕೆ ಅವರು ಸ್ವಲ್ಪ ನಕ್ಕರು. ಹಾಲೇಶನೂ ಒಳ್ಳೆಯ ಮನುಷ್ಯ. "ವಿಶಾಲಕ್ಕನ ಬಾಯಿಗಿಂತ ನನ್ನ ಹಂಡೆ ದೊಡ್ಡದಲ್ಲ ಮೇಡಂ. ಬೇರೆ ಯಾರಿಗಾದ್ರೂ ಒಪ್ಪಿಸ್ತೀನಿ," ಎಂದ.

ಶಿವಮೊಗ್ಗಕ್ಕೆ ಬಂದವಳೇ ಫೈಲಿನ ಆ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನಮೂನೆಗೆ ಇಪ್ಪತ್ತೆರಡನೆಯ ಪ್ರಶ್ನೆ ಸೇರಿತು. ಅಧ್ಯಯನದಲ್ಲಿದ್ದ ಎಲ್ಲರಿಗೂ ಫೋನ್ ಮಾಡಿ ಅದೊಂದನ್ನು ಕೇಳಿದಾಗ ಹೀಗೆ ಹದ ನೋಡುವವರು ಇನ್ನೂ ಆರು ಜನ ಸಿಕ್ಕಿದರು. ಅವರಿಗೂ ನಾನು ಅದನ್ನೇ ಹೇಳಿದೆ, ಬಿಟ್ಟುಬಿಡಿ, ಬೇರೆ ಯಾರಾದರೂ ನೋಡಲಿ. ಇದು ಗಮನಿಸಬೇಕಾದ ವಿಷಯ ಎಂದು ಡಾಕ್ಟರ್ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಹೆಸರು ಹೇಳಿದರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ವಿಶಾಲಮ್ಮನ ಎಂಜಲು ಶುದ್ಧವಾಗಿತ್ತು. ಅದರ ಮುಂದಿನದೂ ಹಾಗೆಯೇ. ದೀಪಾವಳಿ ಕಳೆದು ಬಂದಾಗ ಕಡ್ಡಿ ಇಪ್ಪತ್ತಮೂರಕ್ಕೆ ಏರಿತ್ತು, ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಹಬ್ಬಕ್ಕೆ ಹೋಳಿಗೆ ಮುರಿದು ತಿಂದೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆವತ್ತು ಸೊಸೆ ಸಂಧ್ಯಾಳನ್ನೂ ಕರೆದುಕೊಂಡು ಬಂದಿದ್ದರು. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ, ಮಾತಿಗೆ ಮುಂಚೆ ನಗುತ್ತಾಳೆ.

ನಾನು ಬಿ.ಪಿ. ಪಟ್ಟಿ ಸುತ್ತುತ್ತಾ, "ಹಾಲೇಶ್ ಹಂಡೆ ಕೆಡಿಸ್ಕೊಂಡ್ರಾ ನೀವಿಲ್ದೆ?" ಎಂದು ತಮಾಷೆ ಮಾಡಿದೆ.

"ಯಾಕೆ ಕೆಡುತ್ತೆ? ಇವಳಿದಾಳಲ್ಲ," ಎಂದರು ವಿಶಾಲಮ್ಮ ಹೆಮ್ಮೆಯಿಂದ. "ಒಂದೇ ವಾರಕ್ಕೆ ಕಲ್ತುಬಿಟ್ಲು. ನನಗೆ ಮೂರು ವರ್ಷ ಹಿಡಿದಿತ್ತು. ಹುಷಾರಿದಾಳೆ, ಈಗ ಎಲ್ರೂ ಇವಳನ್ನೇ ಕಾಯ್ತಾರೆ."

ಪಂಪು ಒತ್ತುತ್ತಿದ್ದ ನನ್ನ ಕೈ ನಿಂತಿತು. ಬೇರೆ ಯಾರಾದರೂ ನೋಡಲಿ ಎಂದವಳು ನಾನು. ಆ ಬೇರೆ ಯಾರಾದರೂ ಎದುರಿಗೆ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತಿದ್ದಳು. ಉಳಿದ ಆರು ಜನ ಯಾರ ಕೈಗೆ ಕೊಟ್ಟರೋ ನಾನು ಕೇಳಿಯೇ ಇರಲಿಲ್ಲ.

"ಸಂಧ್ಯಾ, ಬಾಯಿ ತೆಗಿಯಮ್ಮ," ಎಂದೆ.

ದೊಡ್ಡದಾಗಿ ತೆಗೆದಳು. ಮೂರು ಬೆರಳು ಇನ್ನೂ ಜಾಗ ಉಳಿಸಿ ಹೋದವು. ಕೆನ್ನೆಯ ಒಳಗೆ ನಸುಗೆಂಪು, ಎಲ್ಲ ಮೃದು. ನಾಲಿಗೆಯ ಮೇಲೆ ಮಾತ್ರ ಚೊಗರಿನ ಕಂದುಬಣ್ಣ ಕೂತಿತ್ತು.

"ನಂದು ಚೆನ್ನಾಗಿದೆಯಲ್ಲ ಸಿಸ್ಟರ್?"

"ಚೆನ್ನಾಗಿದೆ," ಎಂದೆ. "ನಿಮ್ಮತ್ತೇದೂ ಒಂದು ಕಾಲಕ್ಕೆ ಹೀಗೇ ಇತ್ತು."

ವಿಶಾಲಮ್ಮ ನನ್ನ ಮುಖ ನೋಡಿದರು, ಸೊಸೆಯ ಬಾಯಿ ನೋಡಿದರು. ತೋಳಿಗೆ ಸುತ್ತಿದ್ದ ಪಟ್ಟಿಯನ್ನು ತಾವೇ ಬಿಚ್ಚಿ ಮೇಜಿನ ಮೇಲಿಟ್ಟರು.

"ನನ್ನ ಹೆಸರು ಹೊಡೆದುಹಾಕಿ ಸಿಸ್ಟರ್. ನಾಳೆಯಿಂದ ನಾನೇ ನೋಡ್ತೀನಿ."

"ಅದಾಗಲ್ಲ ವಿಶಾಲಮ್ಮ."

"ನಂದು ಹೆಂಗೂ ಹಾಳಾದ ಬಾಯಿ. ಹೊಡೀರಿ."

"ಹೊಡೆಯಲ್ಲ," ಎಂದೆ. "ಹೇಳಿದ್ದು ನಾನು, ತಪ್ಪು ನಂದು. ಯಾರ ಬಾಯಿಗೂ ಹಾಕದೆ ಹದ ನೋಡೋದು ಹೇಗೆ ಅಂತ ಕೂತು ಯೋಚನೆ ಮಾಡೋಣ. ಇವತ್ತೇ ಮಾಡೋಣ, ಡಾಕ್ಟ್ರನ್ನ ಕರೀತೀನಿ. ಎಲ್ಲೂ ಹೋಗ್ಬೇಡಿ."

ನಾನು ಬಾಗಿಲು ದಾಟುವಾಗ ತಿರುಗಿ ನೋಡಿದೆ. ವಿಶಾಲಮ್ಮ ಸೊಸೆಯ ಗಲ್ಲ ಹಿಡಿದು ಬಾಯಿ ತೆರೆಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವಳ ನಾಲಿಗೆಯನ್ನು ಒರೆಸುತ್ತಿದ್ದರು.