ಮೂಗಿನ ಮೇಸ್ತ್ರಿಯ ಬಿಳಿ ರಾಡ್

ಲೇತ್ ಅಂಗಡಿಯ ಬಾಗಿಲಲ್ಲೇ ನಿಂತು ಅಕ್ಕ ಬಳೆಯಂಥ ಒಂದು ಬಿಳಿ ಪ್ಲಾಸ್ಟಿಕ್ ಬುಷ್ಷನ್ನು ಒಳಕ್ಕೆ ಉರುಳಿಸಿದಳು. ಅದು ಕಬ್ಬಿಣದ ಪುಡಿಯಲ್ಲಿ ಗೆರೆ ಎಳೆಯುತ್ತಾ ಹೋಗಿ ಮೇಸ್ತ್ರಿಯ ಚಪ್ಪಲಿಗೆ ತಾಗಿ ನಿಂತಿತು.

"ತಗೋ ತಮ್ಮ, ನೀನು ಮಾಡಿಕೊಟ್ಟಿದ್ದು. ನೀರು ಕುಡಿದು ಊದ್ಕೊಂಡು ಶಾಫ್ಟನ್ನ ಕಚ್ಚಿ ಹಿಡಿದುಬಿಟ್ಟಿತ್ತು. ಸುತ್ತಿಗೆಯಲ್ಲಿ ಹೊಡೆದು ಬಿಡಿಸಿದೆ."

ಅಕ್ಕನದು ಹಿಂದಿನ ಬೀದಿಯಲ್ಲಿ ಬ್ರೆಡ್ ಅಂಗಡಿ. ಅವಳ ಹಿಟ್ಟು ನಾದುವ ಯಂತ್ರದಲ್ಲಿ ಶಾಫ್ಟ್ ತಿರುಗುವ ಕಡೆ ಈ ಬುಷ್ ಕೂರಬೇಕು. ಹಿಟ್ಟಿಗೆ ಅದು ತಾಗುವುದಿಲ್ಲ. ಆದರೆ ಯಂತ್ರ ತೊಳೆಯುವಾಗ ದಿನವೂ ಬಿಸಿನೀರಿನ ಸ್ನಾನ ತಪ್ಪಿದ್ದಲ್ಲ. ಇನ್ನೊಂದು ಸಲ ಶಾಫ್ಟ್ ಹೀಗೆ ಸಿಕ್ಕಿಕೊಂಡರೆ ಗೇರ್ ಮುರಿಯುತ್ತದೆ, ಆಮೇಲೆ ಯಂತ್ರವನ್ನು ಗುಜರಿಗೇ ಹಾಕಬೇಕು ಎಂದು ರಿಪೇರಿಯವನು ಹೇಳಿ ಹೋಗಿದ್ದ. ಕೈಯಲ್ಲೇ ನಾದೋಣವೆಂದರೆ ಇವತ್ತಿನ ಒಂದು ಸಲಕ್ಕೇ ಅಕ್ಕನ ಮಣಿಕಟ್ಟು ಬಾತುಕೊಂಡಿತ್ತು. ಯಂತ್ರ ಹೋದರೆ ಅಂಗಡಿಯೂ ಹೋದಂತೆಯೇ.

ಮೇಸ್ತ್ರಿ ಬುಷ್ಷನ್ನು ಎತ್ತಿ ಒರೆಸಿದರು. "ಇದು ಅಸಿಟಾಲ್ ಅಕ್ಕ. ಅಸಿಟಾಲ್ ನೀರು ಕುಡಿಯಲ್ಲ. ಕುಡಿಯೋದು ನೈಲಾನ್. ನೀನೇ ಏನೋ ಎಡವಟ್ಟು ಮಾಡಿದ್ದೀಯ."

"ಅಸಿಟಾಲ್ ಅಂತ ಹೇಳಿದ್ದು ಯಾರೋ?"

"ಇನ್ಯಾರು? ನನ್ನ ಮೂಗು!"

ಆ ಮೂಗಿನ ವಿಷಯ ಸ್ವಲ್ಪ ಹೇಳಬೇಕು. ಪ್ಲಾಸ್ಟಿಕ್ ರಾಡ್‌ಗಳು ಆ ಅಂಗಡಿಗೆ ಬರುವುದು ತುಂಡುಗಳಾಗಿ, ಚೀಟಿ ಗೀಟಿ ಏನೂ ಇಲ್ಲದೆ. ನೋಡಲು ಎಲ್ಲವೂ ಒಂದೇ ಬಿಳುಪು. ಮೇಸ್ತ್ರಿ ಲೇತಿನಲ್ಲಿ ಹೆರೆದ ಒಂದು ಸುರುಳಿಗೆ ಬೆಂಕಿ ಹಚ್ಚಿ, ಆರಿಸಿ, ಹೊಗೆಯನ್ನು ಎಳೆದುಕೊಂಡು, ಕಣ್ಣು ಮುಚ್ಚಿ ಹೆಸರು ಹೇಳುತ್ತಿದ್ದರು. ಬೀದಿಯ ಕೆಲಸಗಾರರೆಲ್ಲ ತಮ್ಮ ರಾಡ್‌ಗಳನ್ನು ತಂದು ಇವರ ಮೂಗಿನ ಮುಂದೆ ಹಿಡಿಯುತ್ತಿದ್ದರು. ಮೂಗಿನ ಮೇಸ್ತ್ರಿ ಎಂಬ ಬಿರುದು ಹಾಗೆ ಬಂದದ್ದು. ಹೊಗೆಯ ಜೊತೆ ಕೆಮ್ಮೂ ಬಂದಿತ್ತು. ಆದರೆ ಬಿರುದು ಹೊತ್ತವರಿಗೆ ಕೆಮ್ಮು ಯಾವ ಲೆಕ್ಕ? 'ಗೊತ್ತಿಲ್ಲ' ಎಂಬ ಮಾತಂತೂ ಅವರ ಬಾಯಿಂದ ಇದುವರೆಗೆ ಬಂದೇ ಇರಲಿಲ್ಲ.

ಎರಡನೇ ಲೇತಿನಲ್ಲಿದ್ದ ಮಗಳು ಮೋಟಾರ್ ನಿಲ್ಲಿಸಿದಳು. "ಅಪ್ಪಾ, ಅದನ್ನ ತಿರುಗಿಸುವಾಗಲೇ ನಂಗೆ ಅನುಮಾನ ಬಂದಿತ್ತು. ಅಸಿಟಾಲ್ ಆದ್ರೆ ಚೂರುಚೂರಾಗಿ ಉದುರುತ್ತೆ, ಇದರ ಸುರುಳಿ ದಾರದ ಹಾಗೆ ಎಳೆಎಳೆಯಾಗಿ ಬರ್ತಿತ್ತು."

"ಆಗ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಕೇಳ್ತಿದ್ದೆಯಾ? 'ಮೊನ್ನೆ ಲೇತಿನ ಚಕ್ ಹಿಡಿದವಳು ನಂಗೆ ಹೇಳ್ಕೊಡ್ತೀಯಾ' ಅಂತಿದ್ದೆ."

ಮೇಸ್ತ್ರಿಗೆ ಮೆಣಸಿನಕಾಯಿ ಕಡಿದಂತಾಯಿತು. ಆದರೂ ಸೋಲು ಒಪ್ಪುವ ಜಾತಿಯಲ್ಲ. ರ‍್ಯಾಕಿನಿಂದ ಇನ್ನೊಂದು ಬಿಳಿ ರಾಡ್ ಎಳೆದರು. "ಆಯ್ತು ಬಿಡು, ಇದರಲ್ಲಿ ಮಾಡ್ತೀನಿ. ಏನು ಅಂತ ಈಗಲೇ ಹೇಳ್ತೀನಿ." ಚೂರು ಕೆತ್ತಿ, ಲೈಟರ್ ಹಚ್ಚಿ, ಹೊಗೆ ಎಳೆದುಕೊಂಡರು. ಕೆಮ್ಮು ಒತ್ತರಿಸಿಕೊಂಡು ಬಂತು. ಕಣ್ಣಲ್ಲಿ ನೀರು ಬಂದರೂ ಗೆದ್ದವರ ಹಾಗೆ, "ಅಸಿಟಾಲ್. ಅನುಮಾನವೇ ಬೇಡ" ಅಂದರು.

ಅಕ್ಕ ತಮ್ಮನ ಮುಖವನ್ನೇ ನೋಡುತ್ತಾ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಅವರ ಗಲ್ಲದ ಕೆಳಗೇ ಹಿಡಿದಳು. "ಇದರಲ್ಲಿ ಏನಿದೆ ಹೇಳು ನೋಡೋಣ."

"ಏನಿರುತ್ತೆ? ಹಳೇ ಶಾಫ್ಟು?"

ಗಂಟು ಬಿಚ್ಚಿದರೆ ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್. ಅದರ ಘಮ ಆಗಲೇ ಅಂಗಡಿಯ ಮೂಲೆಮೂಲೆಗೂ ತುಂಬಿತ್ತು. ಮಗಳಂತೂ ಅದಕ್ಕಾಗಿಯೇ ಆಗಿನಿಂದ ಗಂಟಿನ ಕಡೆ ಕಣ್ಣು ಹಾಯಿಸುತ್ತಿದ್ದಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತರು.

"ಹೋದ ಚಳಿಗಾಲದಿಂದ ವಾಸನೆ ಹತ್ತುತ್ತಿಲ್ಲ ಅಕ್ಕ," ಅಂದರು ಮೆಲ್ಲಗೆ. "ಈ ಹೊಗೆ ಬಿಡಿ ಅಂತ ಡಾಕ್ಟರು ಬೈದರು. ಆದ್ರೆ ಜನ ರಾಡ್ ಹಿಡ್ಕೊಂಡು ಬಂದು ಬಾಯಿ ನೋಡ್ತಾರಲ್ಲ, ಏನು ಮಾಡ್ಲಿ? ಗೊತ್ತಿಲ್ಲ ಅಂದ್ರೆ ಯಾರು ಕೆಲಸ ಕೊಡ್ತಾರೆ? ಅಂದಾಜಿನ ಮೇಲೆ ಹೇಳ್ತಾ ಬಂದೆ."

ಮಗಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಕ್ಕನಿಗೂ ಕರುಳು ಚುರುಕ್ ಅಂದಿತು. ಆದರೆ ಅವಳ ಪ್ರೀತಿ ಹೊರಗೆ ಬರುವುದು ಬೈಗುಳದ ಬಾಗಿಲಿಂದಲೇ. "ಅಲ್ವೋ, ನನ್ನ ಬ್ರೆಡ್ ಘಮ ಗೊತ್ತಾಗದೇ ಇಷ್ಟು ದಿನ 'ಅಕ್ಕ, ಭಾಳ ಚೆನ್ನಾಗಿದೆ' ಅಂತ ತಿಂದೆಯಲ್ಲ, ಅದೂ ಅಂದಾಜಾ?"

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆಯೇ ಕೆಮ್ಮು ಬಂತು. ಅಕ್ಕ ಬೆನ್ನು ನೀವಿದಳು.

"ಮೊಟ್ಟೆ ಹಳತೋ ಹೊಸತೋ ನಾನು ಮೂಸಿ ನೋಡಲ್ಲಪ್ಪ," ಅಂದಳು ಅಕ್ಕ. "ನೀರಿಗೆ ಹಾಕ್ತೀನಿ. ಹಳತು ತೇಲುತ್ತೆ."

"ಅತ್ತೇ, ಇವು ಎರಡೂ ಮುಳುಗ್ತವೆ," ಅಂದಳು ಮಗಳು. ಅನ್ನುತ್ತಲೇ ಕಣ್ಣರಳಿತು. "ಆದ್ರೆ ನೈಲಾನ್ ಹಗುರ ಅಂತ ರಾಡ್ ಮಾರೋರು ಹೇಳಿದ್ದು ನೆನಪಿದೆ. ನೀರನ್ನೇ ಭಾರ ಮಾಡಿದ್ರೆ? ಉಪ್ಪು ಹಾಕಿದ್ರೆ?"

ಹಿಂದಿನ ಕೋಣೆಯಿಂದ ಗಾಜಿನ ಜಾಡಿ ಬಂತು, ಉಪ್ಪಿನ ಪೊಟ್ಟಣ ಬಂತು. ಹಳೆಯ ಬುಷ್ಷಿನದೊಂದು ಚೂರು, ಹೊಸ ರಾಡಿನದೊಂದು ಚೂರು. ಗುರುತಿಗೆ ಹಳೆಯದರ ಮೇಲೆ ಪೆನ್ನಿನ ಚುಕ್ಕೆ. ಎರಡೂ ತಳ ಸೇರಿದವು. ಮಗಳು ಉಪ್ಪು ಸುರಿದು ಕಲಕಿದಳು, ಇನ್ನಷ್ಟು ಸುರಿದಳು. ಮೂರು ತಲೆಗಳು ಜಾಡಿಯ ಸುತ್ತ ಒಂದಕ್ಕೊಂದು ತಾಗುವಷ್ಟು ಬಾಗಿದವು. ಅಷ್ಟರಲ್ಲಿ ಚುಕ್ಕೆಯ ಚೂರು ಅಲ್ಲಾಡಿತು, ತಳ ಬಿಟ್ಟಿತು, ನಿಧಾನವಾಗಿ ಮೇಲೆದ್ದು ತೇಲಿತು.

"ಎದ್ದಿತು! ಎದ್ದಿತು!" ಎಂದು ಮೇಸ್ತ್ರಿಯೇ ಚಪ್ಪಾಳೆ ತಟ್ಟಿದರು. ತಾವು ಸೋತದ್ದಕ್ಕೇ ಚಪ್ಪಾಳೆ ತಟ್ಟಿದ್ದು ಎಂದು ಹೊಳೆದದ್ದು ಆಮೇಲೆ.

ಹಳೆಯದು ನೈಲಾನ್ ಎಂದಾಯಿತು. ಹೊಸದು ತಳದಲ್ಲೇ ಕೂತಿತ್ತು.

"ಹಾಗಾದ್ರೆ ಇದು ಅಸಿಟಾಲ್ ತಾನೇ?" ಅಂದರು ಮೇಸ್ತ್ರಿ ಆಸೆಯಿಂದ.

"ಪಿವಿಸಿನೂ ಮುಳುಗುತ್ತೆ ಅಪ್ಪ. ಅದಾಗಿದ್ರೆ ಕುದಿಯೋ ನೀರಲ್ಲಿ ಮೆತ್ತಗಾಗುತ್ತೆ."

ತೆಳುವಾದ ಪಟ್ಟಿ ಕತ್ತರಿಸಿ ಕುದಿಸಿದರು. ಅದು ಬಗ್ಗಲಿಲ್ಲ, ಜಗ್ಗಲಿಲ್ಲ. ಆದರೂ ಮಗಳು ಅಡ್ಡಡ್ಡ ತಲೆಯಾಡಿಸಿದಳು. "ಹೆಸರು ಏನಾದ್ರೂ ಇರಲಿ, ಅತ್ತೆಗೆ ಬೇಕಾಗಿರೋದು ಊದದೇ ಇರೋದು. ಈ ರಾಡಿಂದ ಲೇತಲ್ಲಿ ಒಂದು ಬಳೆ ತಿರುಗಿಸಿ ಅಳೆದು ಬಿಸಿನೀರಲ್ಲಿ ಹಾಕಿಡೋಣ. ಬೆಳಗ್ಗೆ ಮತ್ತೆ ಅಳೆಯೋಣ. ಅಲ್ಲಿವರೆಗೂ ಬುಷ್ ಬೇಡ."

"ನಾಳೆ ಬೆಳಗಿನ ಬ್ರೆಡ್ಡು?" ಅಂದಳು ಅಕ್ಕ, ಮಣಿಕಟ್ಟು ಹಿಡಿದುಕೊಂಡು.

"ನಾನು ಬಂದು ನಾದ್ತೀನಿ," ಅಂದರು ಮೇಸ್ತ್ರಿ.

ಮರುದಿನ ಬೆಳಗ್ಗೆ ಮೂಗಿನ ಮೇಸ್ತ್ರಿ ತಲೆಯಿಂದ ಕಾಲಿನವರೆಗೂ ಹಿಟ್ಟು ಮೆತ್ತಿಕೊಂಡು ನಾದಿದರು. ಕೆಲವು ಬ್ರೆಡ್‌ಗಳು ಇಟ್ಟಿಗೆಯಂತೆ ಬಂದವು. ಗಿರಾಕಿಗಳು ಕೇಳಿದಾಗ ಅಕ್ಕ, "ಲೇತಿನಲ್ಲಿ ತಿರುಗಿಸಿದ್ದು, ಬಾಳಿಕೆ ಬರುತ್ತೆ" ಎಂದು ಕೊಟ್ಟು ಕಳಿಸಿದಳು. ಅಕ್ಕ ತಮ್ಮ ಇಬ್ಬರೂ ಅಷ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ರಾತ್ರಿಯೆಲ್ಲ ನೀರಿನಲ್ಲಿದ್ದ ಬಳೆ ಒಂದು ಕೂದಲಿನಷ್ಟೂ ಊದಿರಲಿಲ್ಲ. ಮಗಳು ಬುಷ್ ತಿರುಗಿಸಿದಳು, ಮೇಸ್ತ್ರಿ ಅಳತೆ ಹಿಡಿದರು. ಯಂತ್ರ ಮಧ್ಯಾಹ್ನದಿಂದಲೇ ಗಂಟಲು ಸರಿಮಾಡಿಕೊಂಡು ಗುನುಗತೊಡಗಿತು. ವಾರಗಟ್ಟಲೆ ಬಿಸಿನೀರು ಬಿದ್ದರೂ ಶಾಫ್ಟ್ ಎಲ್ಲೂ ಹಿಡಿಯಲಿಲ್ಲ.

ಅಷ್ಟರಲ್ಲಿ ಒಂದು ದಿನ ಪಕ್ಕದಂಗಡಿಯ ವೆಲ್ಡರ್ ಬೂದುಬಣ್ಣದ ರಾಡ್ ಹಿಡಿದು ಬಂದ. ಮೇಸ್ತ್ರಿಗೆ ತೊಂದರೆ ಯಾಕೆಂದು ತಾನೇ ಲೈಟರ್ ಹೊತ್ತಿಸಿಕೊಂಡಿದ್ದ.

"ಮೇಸ್ತ್ರಿ, ಒಂಚೂರು ಮೂಸಿ ಹೇಳಿ, ಇದು ಏನು ಅಂತ."

ಮೇಸ್ತ್ರಿ ಬಾಗಿ ಉರಿಯನ್ನು ಉಫ್ ಎಂದು ಆರಿಸಿದರು. ರಾಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗೊತ್ತಿಲ್ಲ ಕಣಪ್ಪ," ಅಂದರು.

ವೆಲ್ಡರ್ ಕಣ್ಣು ಕಣ್ಣು ಬಿಟ್ಟ. "ನಿಮಗೇ ಗೊತ್ತಿಲ್ವಾ?"

"ಗೊತ್ತಿಲ್ಲ. ಮಗಳನ್ನ ಕೇಳು."

ಮಗಳು ರಾಡನ್ನು ಬೆಳಕಿಗೆ ಹಿಡಿದಳು, ಉಗುರಿನಿಂದ ಗೀಚಿದಳು. ವೆಲ್ಡರ್ ಅವಳ ಬಾಯನ್ನೇ ನೋಡುತ್ತಿದ್ದ, ಈ ಮೊದಲು ಎಲ್ಲರೂ ಅವಳ ಅಪ್ಪನ ಬಾಯಿ ನೋಡುತ್ತಿದ್ದ ಹಾಗೆ. ಏನೋ ಒಂದು ಹೆಸರು ಹೇಳಿಬಿಡುವುದು ಎಷ್ಟು ಸುಲಭ ಎಂದು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಉಸಿರು ಬಿಗಿಹಿಡಿದು ನಿಂತರು.

"ನಂಗೂ ಗೊತ್ತಿಲ್ಲ ಅಣ್ಣ," ಅಂದಳು ಮಗಳು ನಗುತ್ತಾ. "ಕೂತ್ಕೊಳ್ಳಿ, ಪರೀಕ್ಷೆ ಮಾಡಿ ನೋಡೋಣ."

ಮೇಸ್ತ್ರಿ ಸ್ಟೂಲನ್ನು ವೆಲ್ಡರ್ ಕಡೆ ತಳ್ಳಿದರು. ತಮಗೆ ತಲೆ ನರೆತ ಮೇಲೆ ಬಂದ ಮಾತು ಮಗಳಿಗೆ ಈ ವಯಸ್ಸಿಗೇ ಬಂತಲ್ಲ ಎಂದು ಅವರ ಎದೆ ಹಿಗ್ಗಿತು.