ಉಡಿ ಅಕ್ಕಿಯೊಳಗಿನ ರಾಣಿ ರೂಪಾಯಿ

ಕೊಣ್ಣೂರಿನ ಕೇದಾರಿಯ ಕೈಗೆ ಗಿರಣಿಯ ನೂಲಿನ ಕೆಲಸ, ತಲೆಯಲ್ಲಿ ಮಾತ್ರ ಸದಾ ವ್ಯಾಪಾರ. ಹಿಂದೊಮ್ಮೆ ಬೆಲೆ ಏರಲೆಂದು ಮೆಣಸಿನಕಾಯಿ ಹಿಡಿದಿಟ್ಟು ಬೂಷ್ಟು ಹಿಡಿಸಿದ್ದ. ಅದನ್ನು ಅವನು ಮರೆತಿದ್ದ, ಹೆಂಡತಿ ಸುಂದ್ರವ್ವ ಮರೆತಿರಲಿಲ್ಲ.

ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಹೊಸ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿತ್ತು. ವಿಕ್ಟೋರಿಯಾ ರಾಣಿಯ ಮುಖವಿದ್ದ ಹಳೆಯ ರೂಪಾಯಿ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ, ಆದರೆ ಅಪ್ಪಟ ಬೆಳ್ಳಿಯೆಂದು ಸರಾಫರು ಅದನ್ನು ಹುಡುಕಿ ಕೊಳ್ಳುತ್ತಿದ್ದರು. ಕೇದಾರಿಯ ತಲೆಗೆ ಹುಳ ಹೊಕ್ಕಿತು.

“ಈಗ ಹದಿನೇಳ ಆಣೆಕ್ಕ ಒಂದ ಸಿಗತೈತಿ. ದಸರಾಕ ಇಪ್ಪತ್ತ ಆಣೆ ಆಗೂದು ಖರೆ. ನಿನ್ನ ಬೋರಮಾಳ ಕೊಡು, ನಾಕ ತಿಂಗಳದಾಗ ಹೊಸಾದು ಮಾಡಿಸಿ ಕೊರಳಿಗೆ ಹಾಕತೇನಿ” ಎಂದ.

ಬಂಗಾರದ ಗುಂಡಿನ ಆ ಬೋರಮಾಳ ಸುಂದ್ರವ್ವನ ಅವ್ವ ಸಾಯುವ ಮುಂಚೆ ಕೊಟ್ಟದ್ದು. ಎರಡು ದಿನ ಅವಳು ಅದನ್ನು ಕೊರಳಲ್ಲೇ ಇಟ್ಟುಕೊಂಡಳು. ಮೂರನೆಯ ದಿನ ಬಿಚ್ಚಿ ಅವನ ಅಂಗೈಯಲ್ಲಿಟ್ಟು, “ಮೆಣಸಿನಕಾಯಿ ಮಾಡಬ್ಯಾಡ್ರಿ” ಎಂದಳು.

ಗೋಕಾಕಿನ ಸರಾಫ ವೀರಪ್ಪ ಗುಂಡುಗಳನ್ನು ತೂಗಿ ಮೂವತ್ತನಾಲ್ಕು ರೂಪಾಯಿ ಕೊಟ್ಟ, ಪೋಣಿಸಿದ್ದ ಕೆಂಪು ದಾರವನ್ನು ತಿರುಗಿ ಕೊಟ್ಟ. ಆ ದುಡ್ಡು ಹಿಡಿದು ಕೇದಾರಿ ಮೂಡಲಗಿ ಸಂತೆಗೆ ಹೋದ. ಒಂದೊಂದನ್ನೂ ಕಲ್ಲಿನ ಮೇಲೆ ಬಡಿದು, ಕಿವಿಗೊಟ್ಟು ಕೇಳಿ, ಮೂವತ್ತೆರಡು ರಾಣಿ ರೂಪಾಯಿ ಕೊಂಡ. ಹಳೆಯ ಬಟ್ಟೆಯಲ್ಲಿ ಸುತ್ತಿ, ಅದೇ ಕೆಂಪು ದಾರದಿಂದ ಬಿಗಿದ.

ಎಲ್ಲಿ ಇಡಬೇಕು? ಜೋಳದ ರೊಟ್ಟಿ ತಿನ್ನುವ ಆ ಮನೆಯಲ್ಲಿ ಅಕ್ಕಿ ಇದ್ದದ್ದು ಒಂದೇ ಗಡಿಗೆಯಲ್ಲಿ, ಅದೂ ತವರಿಗೆ ಬಂದ ಹೆಣ್ಣುಮಕ್ಕಳು ಹೊರಡುವಾಗ ಅವರ ಉಡಿ ತುಂಬಲೆಂದು ಎತ್ತಿಟ್ಟದ್ದು. ಅದಕ್ಕೆ ಯಾರೂ ಕೈ ಹಾಕುವುದಿಲ್ಲ. ಗಂಟನ್ನು ಅದರೊಳಗೆ ಹುಗಿದು, ಯಾರಿಗೂ ಹೇಳದೆ, ತನ್ನ ಬುದ್ಧಿಗೆ ತಾನೇ ತಲೆದೂಗಿದ. ಪಂಚಮಿ ಬರುತ್ತದೆ, ಪಂಚಮಿಗೆ ತಂಗಿ ಬರುತ್ತಾಳೆ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಘೋಡಗೇರಿಗೆ ಕೊಟ್ಟಿದ್ದ ತಂಗಿ ಸಾವಂತ್ರೆವ್ವ ಬಂದಳು, ಜೋಕಾಲಿ ಆಡಿದಳು, ಉಂಡಿ ತಿಂದಳು. ಹೊರಡುವ ದಿನ ಕೇದಾರಿ ಗಿರಣಿಯಲ್ಲಿದ್ದ, ಸುಂದ್ರವ್ವ ಕಬ್ಬಿನ ಕಳೆ ತೆಗೆಯಲು ಹೋಗಿದ್ದಳು. ಸಂಜೆ ಅವನು ಮನೆಗೆ ಬಂದಾಗ ಅವ್ವ ಉದ್ದವ್ವ ಕಣ್ಣೀರು ಒರೆಸಿಕೊಳ್ಳುತ್ತ ಎದುರಿಗೆ ಬಂದಳು.

“ನಿನ್ನ ಹೊಟ್ಟಿ ತಣ್ಣಗಿರ್ಲೆಪ್ಪಾ. ತಂಗಿಗಂತ ಅಷ್ಟ ದೊಡ್ಡ ಗಂಟ ಇಟ್ಟಿ, ಒಂದ ಮಾತ ಹೇಳಲಿಲ್ಲ! ಅಕ್ಕಿ ಜೋಡಿ ಅದನ್ನೂ ಆಕಿ ಉಡ್ಯಾಗ ಹಾಕಿದ್ನಿ.”

ಕೇದಾರಿ ಗಡಿಗೆಗೆ ಕೈ ಹಾಕಿ ತಳದವರೆಗೆ ತಡಕಿದ. ಉಡಿಯಲ್ಲಿ ಬಿದ್ದದ್ದು ಹೆಣ್ಣುಮಗಳದ್ದೇ, ಅದನ್ನು ತಿರುಗಿ ಕೇಳಿದ ಅಣ್ಣ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ವಿಷಯ ತಿಳಿದ ಸುಂದ್ರವ್ವ ಬಯ್ಯಲಿಲ್ಲ. ಬೋಳು ಕೊರಳನ್ನು ಒಮ್ಮೆ ಮುಟ್ಟಿಕೊಂಡು ರೊಟ್ಟಿ ತಟ್ಟಲು ಕುಳಿತಳು. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು.

ದಸರೆಗೆ ಬೆಲೆ ಇಪ್ಪತ್ತು ಆಣೆಯೇ ಆಯಿತು. ಲೆಕ್ಕ ಸರಿಯಾಗಿತ್ತು, ರೂಪಾಯಿ ಮಾತ್ರ ಘೋಡಗೇರಿಯಲ್ಲಿದ್ದವು. ದೀಪಾವಳಿ ಕಳೆದ ಮೇಲೆ ಹೇಗಾದರೂ ಬಾಯಿ ಬಿಟ್ಟು ಕೇಳಿಯೇಬಿಡಬೇಕೆಂದು ಹೆಂಡತಿಯನ್ನೂ ಕರೆದುಕೊಂಡು ಘೋಡಗೇರಿಗೆ ಹೋದ. ಅಲ್ಲಿ ತಂಗಿಯ ಅತ್ತೆ ಅವನಿಗೆ ಕಂಬಳಿ ಹಾಸಿ ಕೂರಿಸಿ, “ತಮ್ಮಾ, ಅಣ್ಣ ಅಂದ್ರ ನಿನ್ನಂಗ ಇರಬೇಕು ನೋಡು” ಎಂದಳು. ಕೇದಾರಿ ಎರಡು ದಿನ ಹೋಳಿಗೆ ತಿಂದು, ಕೇಳಬೇಕಾದದ್ದನ್ನೂ ನುಂಗಿದ.

ಹೊರಡುವಾಗ ಸಾವಂತ್ರೆವ್ವ ಅತ್ತಿಗೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ, ಕೊನೆಗೆ ಅದೇ ಗಂಟನ್ನು ಇಟ್ಟಳು.

“ಇದೇನ ಸಾವಂತ್ರಿ?” ಎಂದಳು ಸುಂದ್ರವ್ವ.

“ಪಂಚಮಿಗೆ ನಿನ್ನ ಕೊರಳ ನೋಡಿದ್ನಿ ವೈನಿ, ಬೋರಮಾಳ ಇರಲಿಲ್ಲ. ಇಲ್ಲಿ ಬಂದ ಗಂಟ ಬಿಚ್ಚಿದ್ರ ಅದರ ದಾರ ಇತ್ತು. ತಿರುಗಿ ಕೊಟ್ಟಿದ್ರ ಅವ್ವ ನೊಂದಕೋತಿದ್ಳು. ಉಡ್ಯಾಗ ಬಂದದ್ದು, ಉಡ್ಯಾಗ ಹೊಂಟೈತಿ.”

ಸುಂದ್ರವ್ವ ಸೆರಗಿನಿಂದ ಗಂಟನ್ನು ಒತ್ತಿ ಹಿಡಿದು ಅತ್ತಳು. ಕೇದಾರಿ ಹೊರಗೆ ಹೋಗಿ ಕೊಟ್ಟಿಗೆಯ ಎತ್ತಿನ ಮೈ ಸವರುತ್ತ ನಿಂತ.

ಘೋಡಗೇರಿ ದಾಟುವಷ್ಟರಲ್ಲಿ ಅವನಿಗೆ ಹೋದ ಜೀವ ಬಂದಿತ್ತು. “ನಾಳಿಗೇ ವೀರಪ್ಪನ ಅಂಗಡಿಗೆ ಹೋಗೂಣು. ಈಗ ಇಪ್ಪತ್ತೆರಡ ಆಣೆ ನಡದೈತಂತ. ಬೋರಮಾಳ ಮಾಡಿಸಿ ಮ್ಯಾಲ ಉಳೀತೈತಿ!”

ಸುಂದ್ರವ್ವ ನಡೆಯುವುದನ್ನು ನಿಲ್ಲಿಸಲಿಲ್ಲ. “ಉಡ್ಯಾಗ ಬಿದ್ದದ್ದನ್ನ ಯಾರರೆ ಮಾರತಾರೇನ್ರಿ?” ಎಂದಳು.

ವೀರಪ್ಪನ ಅಂಗಡಿಗೆ ಹೋದದ್ದೇನೋ ನಿಜ, ಆದರೆ ಮೂವತ್ತೆರಡೂ ರೂಪಾಯಿಗೆ ಕೊಂಡಿ ಹಾಕಿಸಿ ಸರ ಮಾಡಿಸಲು. ಆ ಸರ ಸುಂದ್ರವ್ವನ ಹೊಟ್ಟೆಯವರೆಗೆ ಇಳಿಯುತ್ತಿತ್ತು. ಬೆಲೆ ಏರಿದ ಸುದ್ದಿ ತಂದಾಗಲೆಲ್ಲ ಕೇದಾರಿ ಒಲೆಯ ಬದಿಗೆ ಕುಳಿತು ಅದನ್ನೇ ನೋಡುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ.

“ಭಾರ ಆಗೂದಿಲ್ಲೇನ?”

“ಆಗತೈತಿ” ಎಂದಳು ಅವಳು, ರೊಟ್ಟಿ ತಿರುವಿ ಹಾಕುತ್ತ. “ಆದ್ರ ಇದನ್ನ ನೀವು ಬೇಡಾಕ ಬರೂದಿಲ್ಲ.”