ತುಟಿಮಾತಿನ ಪಾಠ

ನಮ್ಮ ಮನೆಯಲ್ಲಿ ಜಗಳ ಆಡಬೇಕಾದರೆ ಮೊದಲು ದೀಪ ಹಾಕಬೇಕು. ಮುಖ ಕಾಣದಿದ್ದರೆ ನಾವು ಬೈದದ್ದು ಅಮ್ಮನಿಗೆ ಗೊತ್ತಾಗುವುದಿಲ್ಲ, ಗೊತ್ತಾಗದ ಮೇಲೆ ಬೈದು ಏನು ಪ್ರಯೋಜನ? ಜಗಳ ಸಾಕು ಅನ್ನಿಸಿದಾಗ ಅಮ್ಮ ಬಾಯಿ ಮುಚ್ಚುವುದಿಲ್ಲ, ಕಣ್ಣು ಮುಚ್ಚುತ್ತಾಳೆ. ಅಲ್ಲಿಗೆ ಮುಗಿಯಿತು. ಗೋಡೆಗೆ ತಲೆ ಚಚ್ಚಿಕೊಂಡರೂ ಆಕೆ ಕಣ್ಣು ತೆರೆಯುವವಳಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಓಣಿಯವರೆಲ್ಲ ಹೇಳುತ್ತಾರೆ. ಇಂಥ ಮನೆಯಲ್ಲಿ ಬೆಳೆದವಳಿಗೆ ಇನ್ನೆಲ್ಲಿರಬೇಕಿತ್ತು?

ಅಮ್ಮ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ನೇಯುವವಳು. ಸಾಲುಸಾಲು ಕಬ್ಬಿಣದ ಮಗ್ಗ, ಒಂದೊಂದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುತ್ತ ಓಡುವ ಸದ್ದು. ಅಲ್ಲಿ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಶೆಡ್ಡಿನವರು ತಮಗೆ ಬೇಕಾದ ಮಾತನ್ನು ತಾವೇ ಮಾಡಿಕೊಂಡಿದ್ದಾರೆ. ದನಿ ತೆಗೆಯದೆ ತುಟಿಯನ್ನು ಅಗಲವಾಗಿ ಆಡಿಸುವುದು, ಜೊತೆಗೆ ಒಂದಿಷ್ಟು ಕೈಸನ್ನೆ. ಹೆಗಲ ಮೇಲೆ ಎರಡು ಬೆರಳಿಟ್ಟರೆ ಮೇಸ್ತ್ರಿ ಬರುತ್ತಿದ್ದಾನೆ ಅಂತ. ಮುಷ್ಟಿ ಬಿಚ್ಚಿದರೆ ನೂಲು ಹರಿದಿದೆ ಅಂತ. ಇದಕ್ಕೆ ತುಟಿಮಾತು ಅಂತ ಹೆಸರು. ನಮ್ಮ ಓಣಿಯ ಹೆಂಗಸರು ಈ ಕಿಟಕಿಯಿಂದ ಆ ಕಿಟಕಿಗೆ ಊರವರ ಮಾನವನ್ನೆಲ್ಲ ಹರಾಜು ಹಾಕುತ್ತಾರೆ, ಬೀದಿಯಲ್ಲಿ ಹೋಗುವವರಿಗೆ ಒಂದು ಪಿಸುಮಾತೂ ಕೇಳಿಸುವುದಿಲ್ಲ. ಮಕ್ಕಳಿಗೆ ಬಾಯಿಮಾತಿಗಿಂತ ಮೊದಲು ಇದೇ ಬರುತ್ತದೆ. ಮಿಲ್ಲಿನ ಆಫೀಸಿನವರು ಮಾತ್ರ ಇದನ್ನು ಕಲಿಯಲಿಲ್ಲ. ಅವರು ಶೆಡ್ಡಿಗೆ ಬರುವಾಗ ಕಿವಿಗೆ ದಪ್ಪನೆಯ ಮುಚ್ಚಿಗೆ ಹಾಕಿಕೊಂಡು ಬರುತ್ತಾರೆ, ಅವರಿಗೇಕೆ ಬೇಕು?

ಅಮ್ಮನ ಕಿವಿ ಪೂರ್ತಿ ಹೋಗಿ ಬಹಳ ಕಾಲವಾಗಿತ್ತು. ಇದು ಓಣಿಗೆಲ್ಲ ಗೊತ್ತು, ಆಫೀಸಿಗೆ ಗೊತ್ತಿರಲಿಲ್ಲ. ಕಿವಿ ಕೇಳದವರು ಶೆಡ್ಡಿನಲ್ಲಿ ಇರುವ ಹಾಗಿಲ್ಲ, ಅಪಾಯದ ಗಂಟೆ ಅವರಿಗೆ ಕೇಳಿಸುವುದಿಲ್ಲವಂತೆ. ಕಿವಿ ತಿನ್ನುವುದೂ ಶೆಡ್ಡೇ, ಕಿವಿ ಇಲ್ಲ ಅಂತ ಹೊರಗೆ ಹಾಕುವುದೂ ಶೆಡ್ಡೇ! ಅಕ್ಕಪಕ್ಕದ ಮಗ್ಗದವರು ಅಮ್ಮನನ್ನು ಕಾಪಾಡಿಕೊಂಡು ಬಂದಿದ್ದರು. ಒಂದೇ ತೊಂದರೆ ಏನೆಂದರೆ ತನ್ನ ದನಿ ಹೊರಗೆ ಬರುತ್ತಿದೆಯೋ ಇಲ್ಲವೋ ಅಮ್ಮನಿಗೇ ತಿಳಿಯುತ್ತಿರಲಿಲ್ಲ. ತುಟಿಮಾತು ಆಡುತ್ತಿದ್ದೇನೆ ಅಂದುಕೊಂಡು ಎಷ್ಟೋ ಸಲ ಇಡೀ ಓಣಿಗೆ ಕೇಳುವ ಹಾಗೆ ಕೂಗಿಬಿಡುತ್ತಿದ್ದಳು. ಆಗ ನಾನೋ ತಂಗಿಯೋ ನಮ್ಮ ಗಂಟಲಿಗೆ ಬೆರಳು ಮುಟ್ಟಿಸಿ ತೋರಿಸುತ್ತಿದ್ದೆವು. ಅಮ್ಮ, ದನಿ ಬರ್ತಿದೆ, ಅಂತ ಅದರ ಅರ್ಥ. ಅವಳು ನಾಲಿಗೆ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಊರಿನ ಮನೆಗಳೆಲ್ಲ ಮಿಲ್ಲಿನವು. ಮನೆಗೆ ಒಬ್ಬರು ಶೆಡ್ಡಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು. ನಾನು ಮಿಲ್ಲಿನ ಶಾಲೆಯಲ್ಲೇ ಚರಿತ್ರೆಯ ಟೀಚರ್, ಆದರೆ ಅದು ಲೆಕ್ಕಕ್ಕಿಲ್ಲ. ಅಪ್ಪ ಇಲ್ಲ. ಉಳಿದವಳು ತಂಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕೋಳು ಅಂತಲೇ ಕರೆಯುವುದು. ನಮ್ಮ ಶಾಲೆಯಲ್ಲೇ ಕೊನೆಯ ತರಗತಿಯಲ್ಲಿ, ನನ್ನ ಕೈಕೆಳಗೇ ಓದುತ್ತಿದ್ದಳು, ದೂರದ ಕಾಲೇಜೊಂದರಲ್ಲಿ ಸೀಟೂ ಸಿಕ್ಕಿತ್ತು. ಅವಳಿಗೊಂದು ಚಟ, ಏನೇ ಕೆಲಸ ಮಾಡಲಿ ತನಗೇ ಗೊತ್ತಿಲ್ಲದೆ ಸಣ್ಣಗೆ ಗುನುಗುತ್ತಿರುತ್ತಾಳೆ. ನಮ್ಮ ಓಣಿಯಲ್ಲಿ ಇನ್ಯಾರೂ ಗುನುಗುವುದಿಲ್ಲ. ಆ ಸದ್ದು ಕೇಳಿಸಿದರೆ ನನಗೆ ಮನೆಗೆ ಬಂದೆ ಅನ್ನಿಸುತ್ತಿತ್ತು.

ಒಂದು ಸಂಜೆ ಅವಳು ತಟ್ಟೆ ತೊಳೆಯುತ್ತ, ಹವಾಮಾನದ ಸುದ್ದಿ ಹೇಳುವವಳ ಹಾಗೆ ಹೇಳಿದಳು.

"ಅಕ್ಕ, ನಾನು ಶೆಡ್ಡಿಗೆ ಹೆಸರು ಕೊಟ್ಟೆ. ಪರೀಕ್ಷೆ ಮುಗಿದ ಮೇಲೆ ಸೇರ್ಕೋತೀನಿ. ಅಮ್ಮ ಇನ್ನೆಷ್ಟು ದಿನ ನಾಟಕ ಆಡ್ತಾಳೆ?"

ನನಗೆ ತಲೆ ಕೆಟ್ಟುಹೋಯಿತು. "ಕಾಲೇಜಿನ ಸೀಟು ಯಾರಿಗೆ ಸಿಕ್ಕಿದ್ದು, ಪಕ್ಕದ ಮನೆಯವರಿಗಾ? ಬುದ್ಧಿ ಎಲ್ಲಿ ಇಟ್ಟಿದೀಯ?"

"ಮತ್ತೆ ಅಮ್ಮನ್ನ ಎಲ್ಲಿ ಇಡ್ತೀಯ? ಅದನ್ನ ಹೇಳು ಮೊದಲು."

ಬೇರೆ ಊರಿಗೆ ಹೋಗಿ ಇರಬಹುದಿತ್ತು. ಆದರೆ ಅಲ್ಲಿ ತುಟಿಮಾತು ಯಾರಿಗೆ ಬರುತ್ತದೆ? ಇಲ್ಲಿ ಬಾಯಿಬಡುಕಿ ಅನ್ನಿಸಿಕೊಂಡ ನಮ್ಮಮ್ಮ ಅಲ್ಲಿ ಒಬ್ಬರ ಹತ್ತಿರವೂ ಮಾತಾಡಲಾರದೆ ಕಿಟಕಿ ನೋಡುತ್ತ ಕೂರಬೇಕು. ಹಾಗಂತ ಚಿಕ್ಕೋಳನ್ನು ಶೆಡ್ಡಿಗೆ ಬಿಡುವುದೇ? ನಾನು ಎಷ್ಟು ಹೇಳಿದರೂ ಅವಳು ಅಮ್ಮನಿಂದ ಕಲಿತ ಹಾಗೆ ಕಣ್ಣು ಮುಚ್ಚಿದಳು. ಅಮ್ಮನಂತೆ ಕಿವುಡಿ ಅಲ್ಲವಲ್ಲ, ಅದಕ್ಕೆ ಕಿವಿಗೂ ಬೆರಳು ತುರುಕಿಕೊಂಡಳು. ಅಮ್ಮ ಅಂತೂ ನನ್ನ ಮುಖವನ್ನೇ ನೋಡಲಿಲ್ಲ.

ಅದೇ ಹೊತ್ತಿಗೆ ಮಿಲ್ಲಿನ ವಾರ್ಷಿಕೋತ್ಸವ ಬಂತು. ಮಿಲ್ಲಿನವರು ನಮ್ಮ ಶಾಲೆಗೆಂದು ಒಂದು ಹೊಸ ಪುಸ್ತಕ ಅಚ್ಚು ಹಾಕಿಸಿದ್ದರು, ನಮ್ಮೂರಿನ ಯಂತ್ರಗಳ ಚರಿತ್ರೆ. ನುಣುಪಾದ ಕಾಗದ, ಒಳ್ಳೆಯ ಚಿತ್ರಗಳು. ಕೈಮಗ್ಗದ ಕಾಲಕ್ಕೆ ಒಂದು ಪುಟ, ನೀರಿನ ಚಕ್ರ, ಉಗಿಯಂತ್ರ, ಕರೆಂಟಿನ ಮಗ್ಗಕ್ಕೆ ಉಳಿದದ್ದೆಲ್ಲ. ಕೊನೆಯಲ್ಲಿ 'ಸಮಾಜದ ಮೇಲೆ ಆದ ಪರಿಣಾಮ' ಅಂತ ಒಂದು ಭಾಗ. ಅದರಲ್ಲಿ ಬೀದಿದೀಪ ಇತ್ತು, ನಲ್ಲಿ ನೀರು ಇತ್ತು, ಶಾಲೆ ಇತ್ತು. ಕಿವಿ ಅನ್ನುವ ಪದ ಹುಡುಕಿದರೂ ಇರಲಿಲ್ಲ.

ಆ ಪಾಠವನ್ನು ನಾನು ಮೊದಲಿಂದ ಬೇರೆ ಥರ ಮಾಡುತ್ತಿದ್ದೆ. ಮಗ್ಗ ಮನೆಯೊಳಗೇ ಇದ್ದ ಕಾಲದಲ್ಲಿ ನೇಯುತ್ತಲೇ ಮಕ್ಕಳಿಗೆ ಕಥೆ ಹೇಳಬಹುದಿತ್ತು, ಒಂದು ಮಗ್ಗದ ಸದ್ದು ಅಷ್ಟೇ ತಾನೆ. ಒಂದೇ ಯಂತ್ರ ನೂರು ಮಗ್ಗ ಓಡಿಸತೊಡಗಿದ ಮೇಲೆ ಎಲ್ಲರನ್ನೂ ಒಂದೇ ಸೂರಿನಡಿ ತಂದು ನಿಲ್ಲಿಸಬೇಕಾಯಿತು, ಕಥೆ ನಿಂತಿತು. ಬೆಳಕು ನೋಡಿ ಏಳುತ್ತಿದ್ದವರು ಸೈರನ್ನಿಗೆ ಎದ್ದರು. ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ, ನೀನು ಕೊನೆಯದಾಗಿ ಕೇಳಿಸಿಕೊಂಡ ಹಕ್ಕಿ ಯಾವುದು ಅಂತ, ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೊಸ ಪುಸ್ತಕ ಬಂದ ದಿನ ಹೆಡ್‌ಮಿಸ್ ನನ್ನನ್ನು ಕರೆದರು. ಕೆಟ್ಟವರಲ್ಲ, ಪುಕ್ಕಲು ಸ್ವಭಾವದವರು.

"ನೋಡಮ್ಮ, ವಾರ್ಷಿಕೋತ್ಸವದ ದಿನ ಮ್ಯಾನೇಜರ್ ಬಂದು ನಿನ್ನ ಪಾಠಕ್ಕೆ ಕೂತ್ಕೋತಾರೆ. ಪುಸ್ತಕದಲ್ಲಿ ಇರೋದು ಹೇಳಿದ್ರೆ ಸಾಕು. ಅಜ್ಜಿ ಹಕ್ಕಿ ಎಲ್ಲ ಬೇಡ. ಮತ್ತೆ ನಿಮ್ಮ ಅಮ್ಮನೂ ಬರ್ತಾರೆ, ಎಲ್ಲರಿಗಿಂತ ಹಳೇ ನೇಕಾರರು ಅಂತ ಆಫೀಸಿನವರೇ ಕರೆದಿದಾರೆ."

ಮನೆಗೆ ಬಂದು ದೀಪ ಹಾಕಿ ಅಮ್ಮನಿಗೆ ಪಾಠ ಹೇಳಿಕೊಟ್ಟೆ: ಯಾರು ಏನು ಕೇಳಿದರೂ ನಗು, ತಲೆ ಆಡಿಸು, ಬಾಯಿ ಮಾತ್ರ ಬಿಡಬೇಡ. "ನನಗೇನು ಬುದ್ಧಿ ಇಲ್ವಾ?" ಅಂದಳು ಅಮ್ಮ, ಓಣಿಗೆಲ್ಲ ಕೇಳುವ ಹಾಗೆ.

ಆ ದಿನ ತರಗತಿಯ ಹಿಂದಿನ ಸಾಲಿನಲ್ಲಿ ಮೂರು ಕುರ್ಚಿ ಹಾಕಿದ್ದರು. ಮಧ್ಯದಲ್ಲಿ ಮ್ಯಾನೇಜರು, ಒಂದು ಪಕ್ಕ ಹೆಡ್‌ಮಿಸ್, ಇನ್ನೊಂದು ಪಕ್ಕ ಅಮ್ಮ, ಇಸ್ತ್ರಿ ಮಾಡಿದ ಸೀರೆಯಲ್ಲಿ ಮುಖದ ತುಂಬ ನಗು ತುಂಬಿಕೊಂಡು. ನಾನು ಒಬ್ಬೊಬ್ಬ ಹುಡುಗಿಯಿಂದ ಒಂದೊಂದು ಭಾಗ ಗಟ್ಟಿಯಾಗಿ ಓದಿಸಿದೆ. ಮ್ಯಾನೇಜರು ತಮ್ಮ ಕೈಯ ಪುಸ್ತಕದಲ್ಲಿ ಬೆರಳಿಟ್ಟು ಸಾಲು ಸಾಲು ಹಿಂಬಾಲಿಸುತ್ತಿದ್ದರು, ತಾವೇ ಬರೆಸಿದ್ದಲ್ಲವೇ. ಹೆಡ್‌ಮಿಸ್ ಅವರ ಬೆರಳನ್ನೇ ನೋಡುತ್ತಿದ್ದರು. ನನ್ನನ್ನು ನೋಡುತ್ತಿದ್ದವರು ಮಕ್ಕಳು ಮಾತ್ರ. ಮುಂದಿನ ಬೆಂಚಿನಲ್ಲಿ ಚಿಕ್ಕೋಳು. ಕಣ್ಣು ಮುಚ್ಚುವ ಹಾಗಿಲ್ಲ, ಕಿವಿಗೆ ಬೆರಳಿಡುವ ಹಾಗಿಲ್ಲ, ಅತಿಥಿಗಳ ಎದುರು ಟೀಚರ ಮುಖ ನೋಡಲೇಬೇಕು.

ಮೊದಲೇ ಯೋಚಿಸಿ ಮಾಡಿದ್ದಲ್ಲ. "ಮಿಲ್ಲು ನಮ್ಮ ಊರಿನ ಬದುಕನ್ನು ಬೆಳಗಿತು" ಅಂತ ಹುಡುಗಿ ಓದಿದಳು, ನನಗೆ ಮೈ ಉರಿದುಹೋಯಿತು. ನನ್ನ ತುಟಿ ತಾನಾಗಿ ಆಡತೊಡಗಿತು. ದನಿ ಇಲ್ಲ.

ಪುಸ್ತಕ ಬಿಡಿ, ನನ್ನನ್ನು ನೋಡಿ, ಅಂದೆ. ನಾವು ಯಾಕೆ ಹೀಗೆ ಮಾತಾಡ್ತೀವಿ ಗೊತ್ತಾ? ಇದೇನು ಆಟಕ್ಕೆ ಕಲಿತಿದ್ದಲ್ಲ. ಯಂತ್ರ ಬಂತು, ಅದರ ಸದ್ದಿಗೆ ನಮ್ಮವರ ಕಿವಿ ಹೋಯ್ತು, ಅದಕ್ಕೇ ಈ ಮಾತು ಹುಟ್ಟಿತು. ಸಮಾಜದ ಮೇಲೆ ಆದ ಪರಿಣಾಮ ಅಂದರೆ ಇದು. ನಮ್ಮಮ್ಮ ನಮ್ಮ ಚಿಕ್ಕೋಳು ಗುನುಗೋದನ್ನ ಒಂದು ಸಲವೂ ಕೇಳಿಲ್ಲ. ಚಿಕ್ಕೋಳೇ, ಶೆಡ್ಡಿಗೆ ಹೋಗಬೇಡ. ನಿನಗೆ ಕೈ ಮುಗೀತೀನಿ, ಹೋಗಬೇಡ ಕಣೇ.

ಇಡೀ ತರಗತಿ ನನ್ನ ತುಟಿ ನೋಡುತ್ತಿತ್ತು. ಓದುವ ಹುಡುಗಿಯೂ ತಡವರಿಸಿದಳು. ಚಿಕ್ಕೋಳ ಕಣ್ಣಲ್ಲಿ ನೀರು ತುಂಬಿತು. ಗೆದ್ದೆ ಅಂದುಕೊಂಡೆ. ಆದರೆ ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಇನ್ನೊಬ್ಬಳನ್ನು ಆ ಸಿಟ್ಟಿನಲ್ಲಿ ಮರೆತೇಬಿಟ್ಟಿದ್ದೆ.

ಅಮ್ಮ ನನಗೆ ತುಟಿಮಾತಿನಲ್ಲೇ ಉತ್ತರ ಕೊಟ್ಟಳು. ಹಾಗಂತ ಅವಳು ಅಂದುಕೊಂಡಿದ್ದಳು.

"ಏನೇ ಇದು ನಿನ್ನ ಹುಚ್ಚು? ಅವಳು ಹೋಗದಿದ್ರೆ ಮನೆ ಬಿಟ್ಟು ಎಲ್ಲಿಗೆ ಹೋಗೋಣ, ಬೀದಿಗಾ?" ಗೋಡೆ ಗೋಡೆಗೂ ಬಡಿಯುವಂಥ ದನಿ. "ನನಗೆ ಕಿವಿ ಕೇಳಿಸೋದಿಲ್ಲ ಅನ್ನೋದನ್ನ ಇಷ್ಟು ವರ್ಷ ಮುಚ್ಚಿಟ್ಟಿದೀನಿ. ಪಕ್ಕದಲ್ಲೇ ಮ್ಯಾನೇಜರು ಕೂತಿದಾನೆ. ಈ ದಡ್ಡನಿಗೆ ಗೊತ್ತಾಗೋ ಮುಂಚೆ ಬಾಯಿ ಮುಚ್ಚು."

ಮಕ್ಕಳೆಲ್ಲ ಒಟ್ಟಿಗೆ ಹಿಂದೆ ತಿರುಗಿ ತಮ್ಮ ತಮ್ಮ ಗಂಟಲಿಗೆ ಬೆರಳು ಮುಟ್ಟಿಸಿದರು. ಒಬ್ಬರೂ ಹೇಳಿಕೊಟ್ಟಿರಲಿಲ್ಲ, ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಅಮ್ಮ ನೋಡುತ್ತಿದ್ದದ್ದು ನನ್ನೊಬ್ಬಳ ತುಟಿಯನ್ನು. ನಾನು ಕೈ ಎತ್ತಿ ಗಂಟಲು ಮುಟ್ಟಿ ತೋರಿಸಬೇಕಿತ್ತು, ಕೈ ಏಳಲಿಲ್ಲ. ಆಮೇಲೆ ಅವಳು ಮಕ್ಕಳ ಬೆರಳುಗಳನ್ನು ಕಂಡಳು. ಮುಖದ ನಗು ಹಾಗೇ ಇತ್ತು, ತೆಗೆಯುವುದು ಹೇಗೆಂದು ತಿಳಿಯದವಳ ಹಾಗೆ. ನಿಧಾನವಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮ್ಯಾನೇಜರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವರು ಪುಸ್ತಕ ಮಡಿಚಿ, ಮಕ್ಕಳನ್ನು ಹೊರಗೆ ಕಳಿಸಿ, ನಮ್ಮ ಮೂವರನ್ನು ನಿಲ್ಲಿಸಿಕೊಂಡರು. ಹೆಡ್‌ಮಿಸ್ ಕಿಟಕಿಯ ಕಡೆ ತಿರುಗಿದರು.

"ನಿಮ್ಮ ಅಮ್ಮನನ್ನ ನಾಳೆಯಿಂದ ಶೆಡ್ಡಿಗೆ ಬಿಡೋಕಾಗಲ್ಲ. ಅವರ ಒಳ್ಳೇದಕ್ಕೇ ಹೇಳ್ತಿರೋದು," ಅಂದರು. "ಮನೆ ವಿಷಯ ನಿಮಗೆ ಗೊತ್ತೇ ಇದೆ. ನಾಳೆಯಿಂದಲೇ ಒಬ್ಬರು ಬೇಕು."

"ನಾನು ಬರ್ತೀನಿ ಸರ್. ನಾಳೆನೇ ಬರ್ತೀನಿ," ಅಂದಳು ಚಿಕ್ಕೋಳು. ಪರೀಕ್ಷೆಗೂ ಕಾಯುವ ಹಾಗಿರಲಿಲ್ಲ. ಹೋಗಬೇಡ ಅಂತ ಕೈ ಮುಗಿದ ನಾನೇ ಅವಳನ್ನು ಒಳಗೆ ತಳ್ಳಿದ ಹಾಗಾಗಿತ್ತು.

ನಾನು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದೆ. "ಇವಳು ಬರಲ್ಲ. ನಾನು ಬರ್ತೀನಿ."

ಮ್ಯಾನೇಜರು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು. "ಆಗಲಿ. ಹೇಗಿದ್ದರೂ ಇನ್ನು ಶಾಲೆ ನಿಮಗೆ ಸರಿಹೋಗಲ್ಲ. ಆ ಮಾತು ಅಷ್ಟು ಚೆನ್ನಾಗಿ ಬರುತ್ತಲ್ಲ, ಅಲ್ಲಿ ಉಪಯೋಗಕ್ಕೆ ಬರುತ್ತೆ."

ಅಮ್ಮ ಅವತ್ತಿನಿಂದ ಮನೆಯಲ್ಲಿ ಕೂಡ ದನಿ ತೆಗೆಯುವುದನ್ನೇ ಬಿಟ್ಟಳು. ಏನು ಹೇಳಬೇಕಾದರೂ ಮೊದಲು ತನ್ನ ಗಂಟಲಿನ ಮೇಲೆ ತಾನೇ ಅಂಗೈ ಇಟ್ಟು ನೋಡಿಕೊಳ್ಳುತ್ತಾಳೆ.

ಚಿಕ್ಕೋಳು ಕಾಲೇಜಿಗೆ ಹೋದಳು. ನಾನು ಅಮ್ಮನ ಮಗ್ಗದಲ್ಲೇ ನಿಂತೆ. ಮೊದಲ ವಾರ ಶೆಡ್ಡಿನಲ್ಲಿ ಸುಮ್ಮನೆ ಬಾಯಿ ತುಂಬ ಕಿರುಚಿ ನೋಡುತ್ತಿದ್ದೆ, ಮ್ಯಾನೇಜರನ್ನು ಹೆಸರು ಹಿಡಿದು ಬೈಯುತ್ತಿದ್ದೆ. ಯಾರಿಗೂ ಕೇಳಿಸುವುದಿಲ್ಲ, ನನಗೇ ಕೇಳಿಸುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರೆ ಮೇಸ್ತ್ರಿ ಬಂದು ತೆಗೆಸುತ್ತಾನೆ, ಗಂಟೆ ಕೇಳಿಸಬೇಕಲ್ಲ. ಕೆಲವು ಹಳೆಯ ವಿದ್ಯಾರ್ಥಿನಿಯರು ಈಗ ಪಕ್ಕದ ಸಾಲಿನಲ್ಲಿದ್ದಾರೆ. ಕೈ ಬಿಡುವಾದಾಗ, "ಮಿಸ್, ಪಾಠ ಹೇಳಿ," ಅಂತ ತುಟಿಯಲ್ಲಿ ತಮಾಷೆ ಮಾಡುತ್ತಾರೆ. ಹೇಳುತ್ತೇನೆ. ಇಲ್ಲಿ ಹೇಳಿದ್ದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಚಿಕ್ಕೋಳು ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ, ಕಳೆದ ರಜೆಗೆ ಮನೆಗೆ ಬಂದಿದ್ದಳು. ನಾನು ಶೆಡ್ಡಿನಿಂದ ಬಂದಾಗ ಅವಳು ಮೂಲೆಯಲ್ಲಿ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಓದುತ್ತಿದ್ದಳು. ಮನೆಯೆಲ್ಲ ಸುಮ್ಮನಿತ್ತು. ಬಂದಾಗಿನಿಂದ ಅವಳು ಒಂದು ಸಲವೂ ಗುನುಗಿರಲಿಲ್ಲ, ನನಗೆ ಅದೇ ಚಿಂತೆ. ಅವಳಿಗೆ ತಿಳಿಯದಿರಲಿ ಅಂತ ಅಮ್ಮನನ್ನು ಬೆಳಕಿಗೆ ಕರೆದು, ತುಟಿಮಾತಿನಲ್ಲಿ ಹೇಳಿದೆ. ಇವಳು ಗುನುಗೋದನ್ನೇ ಬಿಟ್ಟಿದಾಳೆ, ಅಲ್ಲಿ ಏನೋ ಕಷ್ಟ ಇರಬೇಕು, ನೀನು ನಿಧಾನವಾಗಿ ವಿಚಾರಿಸು.

ಚಿಕ್ಕೋಳು ತಲೆ ಎತ್ತಿದಳು. ನನ್ನ ತುಟಿ ಅವಳಿಗೆ ಕಂಡಿರಲು ಸಾಧ್ಯವೇ ಇರಲಿಲ್ಲ. ನನ್ನನ್ನೇ ನೋಡುತ್ತ, ತನ್ನ ಗಂಟಲಿಗೆ ಬೆರಳು ಮುಟ್ಟಿಸಿದಳು.

"ಬಿಟ್ಟಿಲ್ಲ ಅಕ್ಕ," ಅಂದಳು. ಅದನ್ನು ದನಿ ತೆಗೆದು ಅಂದಳೋ, ತುಟಿಯಲ್ಲೇ ಅಂದಳೋ, ನನಗೆ ಗೊತ್ತಾಗಲಿಲ್ಲ.